ನಾಲ್ಕು ಬೆರಳು ಆಚೆ

“ಬಾಗಿಲು ಹಾಕಪ್ಪಾ. ಹಾಕ್ಬಿಟ್ಟು ಆಮೇಲೆ ನೋಡು.”

2017ರ ಬೇಸಿಗೆ. ಕನಕಪುರ ರಸ್ತೆಯ ಅಪಾರ್ಟ್‌ಮೆಂಟೊಂದರ ಆರನೇ ಮಹಡಿ. ಪೈಪುಗಳು ಇಳಿಯುವ ಶಾಫ್ಟಿನೊಳಕ್ಕೆ ಸೊಂಟದವರೆಗೆ ತೂರಿ, ನೀರಿನ ಮೀಟರಿನ ಪಕ್ಕ ಸೋಪಿನ ಡಬ್ಬಿಯಷ್ಟು ದೊಡ್ಡ ಬಿಳಿ ಪೆಟ್ಟಿಗೆಯೊಂದನ್ನು ಕೂರಿಸಿ ಹೊರಗೆ ಬಂದಿದ್ದೆ. ಅದರ ಮೈಗೆ ಮ್ಯಾಗ್ನೆಟ್ ತೋರಿಸಿದರೆ ಐದು ನಿಮಿಷ ಬಿಡದೆ ಪರೀಕ್ಷೆಯ ಸಂದೇಶ ಕಳಿಸುತ್ತದೆ. ಟೆರೇಸಿನಲ್ಲಿ ಸಂದೇಶ ಹಿಡಿಯುವ ಗೇಟ್‌ವೇಗೆ ಅದು ಎಷ್ಟು ಬಲವಾಗಿ ಕೇಳಿಸಿತು ಎಂಬುದು ನಮ್ಮ ಫೋನಿಗೆ ಬರುತ್ತದೆ. −98 ಬಂದಿತ್ತು. −110ರ ಈಚೆ ಇದ್ದರೆ ಪಾಸು ಎಂದು ಆಫೀಸಿನಲ್ಲಿ ಹೇಳಿಕೊಟ್ಟಿದ್ದರು. ಕೆಲಸಕ್ಕೆ ಸೇರಿ ಎಂಟೇ ದಿನವಾಗಿತ್ತು, ಖುಷಿಯಿಂದ ಬರೆದುಕೊಂಡು ಮುಂದಿನ ಮನೆಗೆ ಹೊರಟಿದ್ದೆ. ಪ್ಲಂಬರ್ ಮೇಸ್ತ್ರಿ ತಡೆದರು. ಶಾಫ್ಟಿನ ಬಾಗಿಲು ತಗಡಿನದು. ಅವರೇ ಅದನ್ನು ತಳ್ಳಿ ಚಿಲಕ ಹಾಕಿದರು.

−114.

ಡಿಬಿ ಎನ್ನುವ ಈ ಅಂಕಿಗಳ ಲೆಕ್ಕ ಹೀಗೆ: ಮೂರು ಇಳಿದರೆ ಬಲ ಅರ್ಧವಾಯಿತು. ಹತ್ತು ಇಳಿದರೆ ಹತ್ತರಲ್ಲಿ ಒಂದು ಪಾಲು. ಇಲ್ಲಿ ಇಳಿದಿದ್ದು ಹದಿನಾರು, ಅಂದರೆ ನಲವತ್ತರಲ್ಲಿ ಒಂದೇ ಪಾಲು ಉಳಿದಿತ್ತು. ಮಿಕ್ಕದ್ದನ್ನೆಲ್ಲ ಒಂದು ತಗಡಿನ ಬಾಗಿಲು ನುಂಗಿತ್ತು. ಡಿಪ್ಲೊಮಾದಲ್ಲಿ ನಾನು ಇದನ್ನು ಓದಿದ್ದೆ, ಪರೀಕ್ಷೆಯಲ್ಲಿ ಬರೆದು ಅಂಕವನ್ನೂ ಪಡೆದಿದ್ದೆ. ಏಳನೇ ಕ್ಲಾಸಿಗೆ ಓದು ಬಿಟ್ಟಿದ್ದ ಮೇಸ್ತ್ರಿ ಮಾತ್ರ ಬೇರೆ ಏನನ್ನೋ ನೋಡಿದ್ದರು. “ನಾವು ಹೋದ್ಮೇಲೆ ಈ ಬಾಗಿಲು ತೆಗೆದಿರ್ತಾರಾ? ವರ್ಷಕ್ಕೊಂದು ಸಲ ತೆಗೀತಾರೆ. ಮಿಕ್ಕ ದಿನ ಹಾಕೇ ಇರುತ್ತೆ. ಹಾಕಿರೋ ದಿನದ ಲೆಕ್ಕ ಬರ್ಕೊ.”

ಅಂದಿನಿಂದ ನಾನು ಈ ಕೆಲಸದಲ್ಲೇ ಇದ್ದೇನೆ. ಎಷ್ಟು ಪೆಟ್ಟಿಗೆ ಕೂರಿಸಿದೆನೋ ಎಣಿಸಿಲ್ಲ. ಆದರೆ ಪ್ರತಿ ಪೆಟ್ಟಿಗೆಯ ಮುಚ್ಚಳದ ಒಳಮೈಯಲ್ಲಿ ಮಾರ್ಕರಿನಿಂದ ತಾರೀಖು, ಅಂಕಿ, ಜೊತೆಗೆ ‘ಬಾಗಿಲು ಮುಚ್ಚಿ’ ಎಂದು ಬರೆಯುವ ಅಭ್ಯಾಸ ಆ ದಿನದಿಂದ ಬಂದದ್ದು.

ನಮ್ಮೂರು ಹಾರೋಹಳ್ಳಿಯ ಹತ್ತಿರ. ಬೆಂಗಳೂರಿಗೆ ಹೋಗುವ ಕಾವೇರಿ ನೀರು ತೊರೆಕಾಡನಹಳ್ಳಿಯಲ್ಲಿ ಪಂಪಾಗಿ, ಹಾರೋಹಳ್ಳಿಯಲ್ಲಿ ಇನ್ನೊಮ್ಮೆ, ತಾತಗುಣಿಯಲ್ಲಿ ಮತ್ತೊಮ್ಮೆ ಪಂಪಾಗಿ ಊರು ಸೇರುತ್ತದೆ. ಸುಮಾರು 100 ಕಿಲೋಮೀಟರ್ ದೂರ, ಹೆಚ್ಚುಕಡಿಮೆ 500 ಮೀಟರ್ ಏರು. 1974ರಲ್ಲಿ ಮೊದಲ ಹಂತದ ನೀರು ಹೋದಾಗ ನಮ್ಮಪ್ಪ ಹುಡುಗ. ನಾನು ಹುಡುಗನಾಗಿದ್ದಾಗ ಆ ದೊಡ್ಡ ಪೈಪಿನ ಏರ್‌ವಾಲ್ವಿನಲ್ಲಿ ಜಿನುಗುವ ನೀರಿಗೆ ಅಮ್ಮ ಕೊಡ ಹಿಡಿಯುತ್ತಿದ್ದಳು. ಒಂದು ಕೊಡ ತುಂಬಲು ಮುಕ್ಕಾಲು ಗಂಟೆ ಬೇಕು. ಪೈಪಿನೊಳಗೆ ನದಿಯೇ ಹೋಗುತ್ತಿತ್ತು, ನಮಗೆ ಸಿಗುತ್ತಿದ್ದುದು ಅದರ ಬೆವರು. ಈ ಕೆಲಸ ಸಿಕ್ಕಿದಾಗ ಸಂಬಳಕ್ಕಿಂತ ಮೊದಲು ನೆನಪಾದದ್ದು ಆ ಕೊಡ. ಒಂದೊಂದು ಮನೆಗೆ ಎಷ್ಟು ಲೀಟರ್ ಹೋಯಿತೆಂದು ಲೆಕ್ಕ ಇಡುವ ಕೆಲಸ ಸಣ್ಣದು ಎಂದು ನನಗೆ ಒಂದು ದಿನವೂ ಅನ್ನಿಸಿಲ್ಲ.

ಬೆಂಗಳೂರಿನ ಹಳೇ ಅಪಾರ್ಟ್‌ಮೆಂಟುಗಳಲ್ಲಿ ನೀರಿನ ಖರ್ಚನ್ನು ಚದರ ಅಡಿಯ ಮೇಲೆ ಹಂಚುತ್ತಿದ್ದರು. ಗಂಡ ಹೆಂಡತಿ ಇಬ್ಬರೇ ಇರುವ ಮನೆಗೂ ಏಳು ಜನರ ಮನೆಗೂ ಒಂದೇ ಬಿಲ್ಲು. ಟ್ಯಾಂಕರಿನ ಖರ್ಚು ಏರಿದಂತೆ ಅಸೋಸಿಯೇಷನ್ ಮೀಟಿಂಗುಗಳಲ್ಲಿ ಜಗಳವೂ ಏರಿತು, ಆಗ ಮೀಟರು ಬಂದವು. ಆದರೆ ಈ ಕಟ್ಟಡಗಳಲ್ಲಿ ಮನೆಗೊಂದು ಮೀಟರು ಸಾಲದು. ನೀರು ಟೆರೇಸಿನ ಟ್ಯಾಂಕಿನಿಂದ ಒಂದೊಂದು ಬಚ್ಚಲಿಗೆ ಒಂದೊಂದು ಪೈಪಿನಲ್ಲಿ ಇಳಿಯುತ್ತದೆ. ಮೂರು ಬೆಡ್‌ರೂಮಿನ ಮನೆಗೆ ಅಡುಗೆಮನೆ, ಯುಟಿಲಿಟಿ, ಮೂರು ಬಚ್ಚಲು ಎಂದು ನಾಲ್ಕೈದು ಕಡೆಯಿಂದ ನೀರು ಬರುತ್ತದೆ. ಅಷ್ಟೂ ಕಡೆ ಮೀಟರು ಬೇಕು, ಮೀಟರಿನ ಜಾಗವೋ ಕತ್ತಲ ಶಾಫ್ಟು, ಇಲ್ಲವೇ ಬಚ್ಚಲಿನ ಮೇಲಿನ ಫಾಲ್ಸ್ ಸೀಲಿಂಗು. ತಿಂಗಳಿಗೊಮ್ಮೆ ಯಾರೋ ಹೋಗಿ ಓದಿಕೊಂಡು ಬರುವುದು ಆಗದ ಮಾತು. ಅದಕ್ಕೇ ರೇಡಿಯೊ. ಮೀಟರಿನ ಮುಳ್ಳಿನ ಜೊತೆ ಒಂದು ಪುಟ್ಟ ಮ್ಯಾಗ್ನೆಟ್ ತಿರುಗುತ್ತದೆ, ಲೀಟರಿಗೊಮ್ಮೆ ಎದುರಿನ ಸ್ವಿಚ್ಚು ಟಿಕ್ ಎನ್ನುತ್ತದೆ, ನಮ್ಮ ಪೆಟ್ಟಿಗೆ ಆ ಟಿಕ್ಕುಗಳನ್ನು ಎಣಿಸಿ ಹದಿನೈದು ನಿಮಿಷಕ್ಕೊಮ್ಮೆ ಗೇಟ್‌ವೇಗೆ ಹೇಳುತ್ತದೆ. ಹೇಳುವುದು 865ರಿಂದ 867 ಮೆಗಾಹರ್ಟ್ಸ್ ಪಟ್ಟಿಯಲ್ಲಿ. ನಮ್ಮ ದೇಶದಲ್ಲಿ 2005ರಿಂದ ಲೈಸೆನ್ಸ್ ಇಲ್ಲದೆ ಬಳಸಲು ಬಿಟ್ಟಿರುವ ಪಟ್ಟಿ ಅದು.

ಈ ಪಟ್ಟಿಯ ಅಲೆಯ ಉದ್ದ ಸುಮಾರು 34.6 ಸೆಂಟಿಮೀಟರ್. ಅದರ ಕಾಲು ಭಾಗ ಎಂಟೂವರೆ ಸೆಂಟಿಮೀಟರ್ ಚಿಲ್ಲರೆ. ಈ ಎರಡನೇ ಅಂಕಿಯ ಮೇಲೆ ನನಗೆ ವಿಶೇಷ ಅಕ್ಕರೆ.

ಮೊದಲ ತಿಂಗಳ ಒಂದು ಸಂಜೆ, ಒಂದು ಶಾಫ್ಟಿನಲ್ಲಿ ಪೆಟ್ಟಿಗೆ ಎಷ್ಟು ಮಾಡಿದರೂ −117ರಿಂದ ಈಚೆಗೆ ಬರಲಿಲ್ಲ. ಅಕ್ಕಪಕ್ಕದ ಶಾಫ್ಟುಗಳೆಲ್ಲ ಪಾಸಾಗಿದ್ದವು. ಪೆಟ್ಟಿಗೆ ಕೆಟ್ಟಿದೆ ಅಂದುಕೊಂಡು ಬದಲಿಸಿದೆ. ಹೊಸದೂ ಅದೇ ಅಂಕಿ. ಮೇಸ್ತ್ರಿ ಟೆಫ್ಲಾನ್ ಟೇಪ್ ಸುತ್ತುತ್ತಾ ಕೂತಿದ್ದವರು ಎದ್ದು ಬಂದು, ತಮ್ಮ ಕೈಯ ನಾಲ್ಕು ಬೆರಳನ್ನು ಅಡ್ಡಲಾಗಿ ಗೋಡೆಗಿಟ್ಟು, “ಇಷ್ಟು ಸರ್ಸು” ಅಂದರು. ಎಡಕ್ಕೆ ಸರಿಸಿದೆ. −103. ನನಗೆ ನಂಬಿಕೆ ಬರಲಿಲ್ಲ, ವಾಪಸ್ಸು ಇಟ್ಟು ನೋಡಿದೆ. −117. ಮತ್ತೆ ನಾಲ್ಕು ಬೆರಳು ಸರಿಸಿದೆ. −103.

“ಯಾರಣ್ಣ ಹೇಳಿಕೊಟ್ಟಿದ್ದು ನಿಮಗೆ?”

“ಯಾರು ಹೇಳ್ಕೊಡ್ತಾರೆ? ನಿಮ್ಮಂಥ ಹುಡುಗರು ಮೂರು ಜನ ಬಂದು ಹೋದ್ರು. ಅವರು ಸರ್ಸೋದು ನೋಡ್ತಿದ್ದೆ.”

ಶಾಫ್ಟಿನೊಳಗೆ ರೇಡಿಯೊ ಅಲೆ ಗೋಡೆಗೆ, ಪೈಪಿಗೆ, ಕ್ಲಾಂಪಿಗೆ ಬಡಿದು ಹಿಂದಿರುಗುತ್ತದೆ. ಹೋಗುವ ಅಲೆಯೂ ಹಿಂದಿರುಗುವ ಅಲೆಯೂ ಕೆಲವು ಜಾಗಗಳಲ್ಲಿ ಕೈ ಕೂಡಿಸುತ್ತವೆ, ಕೆಲವು ಜಾಗಗಳಲ್ಲಿ ಒಂದನ್ನೊಂದು ಅಳಿಸಿಹಾಕುತ್ತವೆ. ಅಳಿಸಿಹೋಗುವ ಜಾಗದಿಂದ ಕೂಡಿಬರುವ ಜಾಗಕ್ಕೆ ಇರುವ ದೂರ ಅಲೆಯ ಕಾಲು ಭಾಗದ ಹತ್ತಿರ. ಮೇಸ್ತ್ರಿಯ ಗಾರೆ ಹಿಡಿದು ದಪ್ಪಗಾದ ನಾಲ್ಕು ಬೆರಳಿನ ಅಗಲವೂ ಅಷ್ಟೇ. ಆ ರಾತ್ರಿ ರೂಮಿಗೆ ಹೋಗಿ ಹಳೇ ಪುಸ್ತಕ ತೆಗೆದು ಲೆಕ್ಕ ಹಾಕಿದಾಗ ನನ್ನ ಮೈ ಜುಮ್ಮೆಂದಿತು. ಆಮೇಲೆ ನಾನು ಟೇಪು ಹಿಡಿದು ಅಳೆಯಲಿಲ್ಲ. ಈಗಲೂ ಬೆರಳನ್ನೇ ಇಡುತ್ತೇನೆ.

ಅವರು ಕಲಿಸಿದ ಇನ್ನೊಂದು ಪಾಠ ನನ್ನ ಮೈಗೇ ಸಂಬಂಧಪಟ್ಟದ್ದು. ಪೆಟ್ಟಿಗೆಯ ಎದುರು ನಿಂತುಕೊಂಡು ಅಂಕಿ ನೋಡಬಾರದು. ಮನುಷ್ಯನ ಮೈಯಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ನೀರೇ, ನೀರು ಈ ಅಲೆಗಳನ್ನು ಹೀರುತ್ತದೆ. ಶಾಫ್ಟಿನ ಬಾಯಿಗೆ ಅಡ್ಡ ನಿಂತವನು ತುಂಬಿದ ಒಂದು ದೊಡ್ಡ ಕೊಡವಿದ್ದಂತೆ. “ನೀನು ಪಕ್ಕಕ್ಕೆ ಸರಿ, ನೀನೂ ನಾಳೆ ಇಲ್ಲಿರಲ್ಲ” ಎನ್ನುತ್ತಿದ್ದರು.

ನಮ್ಮ ದೊಡ್ಡ ಸೋಲು 2018ರಲ್ಲಿ ಆಯಿತು. ಅದನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು, ಯಾಕೆಂದರೆ ಈ ಕೆಲಸದಲ್ಲಿ ಹೊಸಬರೆಲ್ಲ ಮಾಡುವ ತಪ್ಪು ಅದು.

ನಾಲ್ಕು ಟವರುಗಳ ಹೊಸ ಅಪಾರ್ಟ್‌ಮೆಂಟು. ಎರಡೆರಡು ಟವರು ಎದುರುಬದುರು, ನಡುವೆ ಮಕ್ಕಳ ಆಟದ ಜಾಗ. ಇನ್ನೂ ಯಾರೂ ವಾಸಕ್ಕೆ ಬಂದಿರಲಿಲ್ಲ. ಒಂದು ಟವರಿನ ಟೆರೇಸಿನಲ್ಲಿ ಗೇಟ್‌ವೇ ಹಾಕಿದೆವು. ಆಂಟೆನಾ ದೊಡ್ಡದಿದ್ದಷ್ಟೂ ಒಳ್ಳೆಯದು ಎಂದು ನಂಬಿ, ಆಳೆತ್ತರದ, ಎಂಟು ಡಿಬಿ ಗಳಿಕೆಯ ಆಂಟೆನಾ ತರಿಸಿ ನೆಟ್ಟಗೆ ನಿಲ್ಲಿಸಿದೆವು. ದೂರದ ಟವರುಗಳಿಂದ ಸಂದೇಶಗಳು ಗಂಟೆ ಹೊಡೆದಂತೆ ಬಂದವು. ಮುಖ್ಯರಸ್ತೆಯ ಆಚೆ ಇದ್ದ ನಮ್ಮದೇ ಇನ್ನೊಂದು ಸೈಟಿನ ಪೆಟ್ಟಿಗೆಗಳೂ ಕೇಳಿಸಿದವು. ಕೇಳಿಸದೇ ಹೋದದ್ದು ಆ ಆಂಟೆನಾ ನಿಂತಿದ್ದ ಟವರಿನದೇ ನಾಲ್ಕರಿಂದ ಒಂಬತ್ತನೇ ಮಹಡಿ.

ಮೂರು ದಿನ ಕೇಬಲ್ ತಪಾಸಣೆ ಮಾಡಿದೆವು, ಕನೆಕ್ಟರು ಬದಲಿಸಿದೆವು. ತೆಳು ಕೇಬಲಿನಲ್ಲಿ ಎರಡು ಮೀಟರಿಗೆ ಒಂದು ಡಿಬಿ ಸೋರುತ್ತದೆ ಎಂದು ದಪ್ಪ ಕೇಬಲ್ ಹಾಕಿದೆವು. ಏನೂ ಬದಲಾಗಲಿಲ್ಲ. ನಾಲ್ಕನೇ ದಿನ ಮಧ್ಯಾಹ್ನ ಟ್ಯಾಂಕಿನ ನೆರಳಿನಲ್ಲಿ ಬುತ್ತಿ ಬಿಚ್ಚಿದಾಗ, ಮೇಸ್ತ್ರಿ ಮುದ್ದೆ ಮುರಿಯುತ್ತಿದ್ದರು. ಅದನ್ನು ನೋಡುತ್ತಾ ನನಗೆ ಹೊಳೆಯಿತು. ಆಂಟೆನಾ ಶಕ್ತಿಯನ್ನು ಹುಟ್ಟಿಸುವುದಿಲ್ಲ. ಇರುವ ಹಿಟ್ಟು ಇಷ್ಟೇ. ಸಣ್ಣ ಆಂಟೆನಾ ಅದನ್ನು ಮುದ್ದೆಯಂತೆ ಎಲ್ಲ ಕಡೆ ದುಂಡಗೆ ಇಡುತ್ತದೆ. ಎಂಟು ಡಿಬಿಯದು ಅದನ್ನೇ ರೊಟ್ಟಿಯಂತೆ ತಟ್ಟಿ ಅಗಲ ಮಾಡುತ್ತದೆ. ರೊಟ್ಟಿ ಸುತ್ತಲೂ ದೂರ ಹೋಗುತ್ತದೆ, ಮೇಲೆ ಕೆಳಗೆ ಮಾತ್ರ ಏನೂ ಉಳಿಯುವುದಿಲ್ಲ. ನಾವು ಹುಡುಕುತ್ತಿದ್ದ ಮೀಟರುಗಳೆಲ್ಲ ರೊಟ್ಟಿಯ ಸರಿಯಾಗಿ ಕೆಳಗಿದ್ದವು. ಮೇಲಾಗಿ ಮಹಡಿಗೊಂದು ಕಬ್ಬಿಣದ ಜಾಲರಿ ಹೊತ್ತ ಕಾಂಕ್ರೀಟ್ ಸ್ಲ್ಯಾಬು.

ಮೇಸ್ತ್ರಿಗೆ ಹೇಳಿದೆ. ಅವರು ಅವಸರವಿಲ್ಲದೆ ಊಟ ಮುಗಿಸಿ, ಎದುರಿನ ಟವರನ್ನು ತೋರಿಸಿದರು. “ನಮ್ ಮನೆ ಮಾಳಿಗೆ ಮೇಲೆ ನಿಂತ್ರೆ ನಮ್ ಮನೆ ಕಿಟಕಿ ಕಾಣ್ಸುತ್ತಾ? ಎದುರುಮನೆಯೋರಿಗೆ ಕಾಣ್ಸುತ್ತೆ.”

ಹಾಗೆಯೇ ಮಾಡಿದೆವು. ಎದುರಿನ ಟವರಿನ ಮಧ್ಯದ ಮಹಡಿಯಲ್ಲಿ, ಮೆಟ್ಟಿಲಿನ ಕಿಟಕಿಯ ಹೊರಗೆ, ಮೂರು ಡಿಬಿಯ ಗಿಡ್ಡ ಆಂಟೆನಾ ಇಟ್ಟು ಇನ್ನೊಂದು ಗೇಟ್‌ವೇ ಹಾಕಿದೆವು. ಈ ಟವರಿನ ಮಾತು ಎದುರಿನ ಟವರಿಗೆ, ಎದುರಿನದರ ಮಾತು ಇದಕ್ಕೆ ಕೇಳಿಸಿತು. ನಮ್ಮ ಪೆಟ್ಟಿಗೆಗಳು ಮಾತಾಡುವ ಲೋರಾ ಎಂಬ ರೇಡಿಯೊ ಪದ್ಧತಿಯ ಒಂದು ದೊಡ್ಡಗುಣವೆಂದರೆ ಪೆಟ್ಟಿಗೆ ಇಂಥವರಿಗೇ ಎಂದು ಹೇಳುವುದಿಲ್ಲ, ಯಾರ ಕಿವಿಗೆ ಬಿದ್ದರೂ ಅವರು ಒಪ್ಪಿಸುತ್ತಾರೆ. ಶಾಫ್ಟಿನ ಒಳಸುತ್ತಿಗೆ ಸಿಕ್ಕಿಕೊಂಡಿದ್ದ ಕೆಲವು ಮೀಟರು ಆಮೇಲೂ ಉಳಿದವು. ಅಂಥ ಎರಡು ಶಾಫ್ಟುಗಳಿಗೆ ನೇರ ಮೇಲುಬಾಯಲ್ಲೇ ಆಂಟೆನಾ ಇಳಿಬಿಟ್ಟೆವು. ನರಸಾಪುರದ ಕಡೆಯ ಮೇಸ್ತ್ರಿಗೆ ಅದು ಹೊಸದೇನಲ್ಲ. ಕೋಲಾರದ ಆಳದ ತೆರೆದ ಬಾವಿಗಳಲ್ಲಿ ಹೂಳೆತ್ತುತ್ತಿದ್ದವರು ಅವರು. ಬಾವಿಯ ಬಾಯಲ್ಲಿ ಬಗ್ಗಿ ಕೂಗಿದರೆ ತಳದವನಿಗೆ ಕೇಳುತ್ತದೆ, ಕಟ್ಟೆಯ ಆಚೆ ನಿಂತು ಎಷ್ಟು ಅರಚಿದರೂ ಕೇಳುವುದಿಲ್ಲ ಎಂದು ಮೈಯಾರೆ ತಿಳಿದವರು.

ಎಲ್ಲ ಪಾಸಾಯಿತು. ಸಹಿ ಹಾಕಿಸಿಕೊಂಡು ಹೊರಟೆವು. ಆಮೇಲೆ ಜನ ಬಂದರು.

ಜನ ಬಂದು ಮನೆ ಮಾಡಿಕೊಂಡರು. ಬಚ್ಚಲಿಗೆ ಜಿಐ ಚಾನೆಲ್ಲಿನ ಫಾಲ್ಸ್ ಸೀಲಿಂಗು, ಅದರ ಮೇಲೆ ಗೀಸರು. ಯುಟಿಲಿಟಿಯಲ್ಲಿ ವಾಷಿಂಗ್ ಮೆಷಿನ್ನು, ಅಕ್ಕಿಯ ಸ್ಟೀಲ್ ಡ್ರಮ್ಮು. ಒಂದು ಮನೆಯಲ್ಲಿ ನಮ್ಮ ಪೆಟ್ಟಿಗೆಯ ಮುಂದೆ ಅಜ್ಜಿಮನೆಯಿಂದ ತಂದ ತಾಮ್ರದ ಹಂಡೆ ಒಂದು ಆಳಿನಂತೆ ಕಾವಲು ಕೂತಿತ್ತು. ಆ ಮನೆಗಳಿಂದ ಸಂದೇಶ ನಿಲ್ಲಲಿಲ್ಲ, ಅದೇ ನಮಗೆ ಮೋಸವಾದದ್ದು. ಆಫೀಸಿನ ಪರದೆಯಲ್ಲಿ ಎಲ್ಲ ಹಸಿರು. ಎರಡು ವರ್ಷ ತುಂಬುವ ಮೊದಲೇ ಒಂದೊಂದಾಗಿ ಪೆಟ್ಟಿಗೆಗಳು ಸಾಯತೊಡಗಿದವು. ಹತ್ತು ವರ್ಷ ಬರುತ್ತದೆ ಎಂದು ನಾವು ಮಾತು ಕೊಟ್ಟಿದ್ದ ಲಿಥಿಯಂ ಬ್ಯಾಟರಿ ಅದು.

ಕಾರಣ ಹೀಗೆ. ಸಿಗ್ನಲ್ ಚೆನ್ನಾಗಿದ್ದರೆ ಪೆಟ್ಟಿಗೆ ತನ್ನ ಮಾತನ್ನು ಸೆಕೆಂಡಿನ ಹದಿನೈದು ಇಪ್ಪತ್ತನೇ ಒಂದು ಭಾಗದಲ್ಲಿ ಹೇಳಿ ಮಲಗಿಬಿಡುತ್ತದೆ. ಸಿಗ್ನಲ್ ಕೆಟ್ಟರೆ ಅದೇ ಮಾತನ್ನು ಎಳೆದು ನಿಧಾನವಾಗಿ ಹೇಳಬೇಕು, ಕಿವಿ ಮಂದವಾದವರಿಗೆ ನಾವು ಒಂದೊಂದೇ ಅಕ್ಷರ ಬಿಡಿಸಿ ಹೇಳುವಂತೆ. ಒಂದು ಮೆಟ್ಟಿಲು ಕೆಳಗಿಳಿದಾಗಲೆಲ್ಲ ಸಮಯ ಹೆಚ್ಚುಕಡಿಮೆ ಇಮ್ಮಡಿ. ಕೊನೆಯ ಮೆಟ್ಟಿಲಿನಲ್ಲಿ ಒಂದು ಸಂದೇಶಕ್ಕೆ ಒಂದು ಸೆಕೆಂಡಿಗಿಂತ ಹೆಚ್ಚು ಹಿಡಿಯುತ್ತದೆ, ಅಂದರೆ ಇಪ್ಪತ್ತು ಪಟ್ಟು ಬ್ಯಾಟರಿ. ಉತ್ತರ ಬರದಿದ್ದರೆ ಮತ್ತೆ ಹೇಳುತ್ತದೆ, ಮತ್ತೆ. ಹಂಡೆಯ ಹಿಂದೆ ಕೂತ ಆ ಪೆಟ್ಟಿಗೆ ಎರಡು ವರ್ಷದ ಹತ್ತಿರ ಹಗಲಿರುಳು ಗಂಟಲು ಹರಿದುಕೊಂಡು ಕೂಗಿತ್ತು. ನಾವು ಪರದೆಯ ಹಸಿರು ನೋಡಿ ನೆಮ್ಮದಿಯಾಗಿದ್ದೆವು.

ಆ ಅಪಾರ್ಟ್‌ಮೆಂಟಿಗೆ ಮತ್ತೆ ಹೋದಾಗ ಪ್ರತಿ ಮನೆಯಲ್ಲೂ ಅರ್ಧ ಗಂಟೆ ಬೈಗುಳ ಕೇಳಿಸಿಕೊಂಡೆ. ಅದರಲ್ಲಿ ನ್ಯಾಯವಿತ್ತು. ಖಾಲಿ ಗೋಡೆಗಳನ್ನು ಅಳೆದು ಸಹಿ ಮಾಡಿಸಿಕೊಂಡಿದ್ದೆವು. ಅಂದಿನಿಂದ ಖಾಲಿ ಮನೆಯಲ್ಲಿ ಪೆಟ್ಟಿಗೆ ಕೂರಿಸುವಾಗ ಇಲ್ಲಿ ನಾಳೆ ಏನು ಬರುತ್ತದೆ ಎಂದು ಕೇಳಿಕೊಳ್ಳುತ್ತೇನೆ. ಸೀಲಿಂಗು ಎಲ್ಲಿಗೆ ಇಳಿಯಬಹುದು, ಡ್ರಮ್ಮು ಎಲ್ಲಿ ಕೂರಬಹುದು, ಈ ಮನೆಯ ಹೆಂಗಸರು ಒಗೆದ ಬಟ್ಟೆ ಯಾವ ತಂತಿಗೆ ಹಾಕಬಹುದು. ಆ ದಿನದ ಅಂಕಿಯ ಮೇಲೆ ಹತ್ತು ಡಿಬಿ ಮಿಗಿಸಿ ಇಡುತ್ತೇನೆ. ಪೆಟ್ಟಿಗೆಯನ್ನು ಲೋಹದ ಪೈಪಿಗೆ ಕೇಬಲ್ ಟೈ ಬಿಗಿದು ಕಟ್ಟುವ ಹುಡುಗರನ್ನು ಕಂಡರೆ ಈಗಲೂ ನನಗೆ ತಡೆಯಲಾಗುವುದಿಲ್ಲ. ಲೋಹಕ್ಕೆ ಅಂಟಿದ ಆಂಟೆನಾ ಶ್ರುತಿ ಕಳೆದುಕೊಳ್ಳುತ್ತದೆ. ಗೋಡೆಗೆ ಹೊಡೆಯಿರಿ, ಎರಡು ಮೊಳೆ ಹೆಚ್ಚು ಹಿಡಿದರೆ ಹಿಡಿಯಲಿ, ಪೈಪಿನಿಂದ ನಾಲ್ಕು ಬೆರಳು ಆಚೆ ಇರಲಿ ಎನ್ನುತ್ತೇನೆ.

ನೆಲದೊಳಗಿನ ಛೇಂಬರುಗಳದು ಬೇರೆಯೇ ಕಥೆ. ಟ್ಯಾಂಕರ್ ನೀರು ಸಂಪಿಗೆ ಇಳಿಯುವ ಕಡೆ ಒಂದು ದೊಡ್ಡ ಮೀಟರು ಇರುತ್ತದೆ, ಗೇಟಿನ ಪಕ್ಕದ ಗುಂಡಿಯಲ್ಲಿ, ಬೀಡುಕಬ್ಬಿಣದ ಮುಚ್ಚಳದ ಕೆಳಗೆ. ಅಂಥ ಒಂದು ಮೀಟರು ರಾತ್ರಿ ಎಂಟರಿಂದ ಬೆಳಿಗ್ಗೆ ಎಂಟರವರೆಗೆ ಮೌನವಾಗುತ್ತಿತ್ತು. ಭಾನುವಾರ ಇಡೀ ದಿನ ಮೌನ. ಅಸೋಸಿಯೇಷನ್ನಿನವರು ಟ್ಯಾಂಕರಿನವನ ಮೇಲೆಯೇ ಅನುಮಾನಪಟ್ಟಿದ್ದರು, ರಾತ್ರಿ ಏನೋ ಕೈವಾಡ ಮಾಡುತ್ತಾನೆ ಎಂದು. ಒಂದು ಸಂಜೆ ಸೆಕ್ಯುರಿಟಿ ಅಣ್ಣನ ಕುರ್ಚಿಯಲ್ಲಿ ಕೂತು ಕಾದೆ. ಎಂಟಕ್ಕೆ ಐದು ನಿಮಿಷವಿದ್ದಾಗ ಕಾರೊಂದು ಬಂದು ನೆಟ್ಟಗೆ ಮುಚ್ಚಳದ ಮೇಲೆ ನಿಂತಿತು. ಕೆಲಸ ಮುಗಿಸಿ ಬಂದವರು, ದಿನವೂ ಅಲ್ಲೇ ನಿಲ್ಲಿಸುತ್ತಿದ್ದವರು. ಟ್ಯಾಂಕರಿನ ಹುಡುಗನಿಗೆ ಆ ತಿಂಗಳ ದುಡ್ಡು ತಡೆಹಿಡಿದಿದ್ದರು. ಮರುದಿನ ಕಾರ್ಯದರ್ಶಿಯ ಮುಂದೆ ಫೋನ್ ಹಿಡಿದು, ಕಾರು ಇದ್ದಾಗ ಒಂದು ಅಂಕಿ, ತೆಗೆದಾಗ ಒಂದು ಅಂಕಿ ತೋರಿಸಿದೆ. ದುಡ್ಡು ಬಿಡುಗಡೆಯಾಯಿತು. ಮುಚ್ಚಳ ಬದಲಿಸಿ ಫೈಬರಿನದು ಹಾಕಿಸಿದೆವು, ಆಂಟೆನಾವನ್ನು ಗುಂಡಿಯ ತಳದಿಂದ ಎತ್ತಿ ಮುಚ್ಚಳದ ಅಂಗೈಯಗಲ ಕೆಳಕ್ಕೆ ತಂದೆವು.

ಮಳೆಗಾಲದಲ್ಲಿ ಆ ಗುಂಡಿ ತುಂಬಿತು. ಪೆಟ್ಟಿಗೆಯೊಳಗೆ ನೀರು ಹೋಗಲಿಲ್ಲ, ಗ್ಲ್ಯಾಂಡು ಬಿಗಿಯಾಗಿತ್ತು, ಜಂಟಿಗೆ ಜೆಲ್ ತುಂಬಿದ್ದೆ. ಆದರೂ ಮಾತಿಲ್ಲ. ಗಾಳಿಯಲ್ಲಿ 34 ಸೆಂಟಿಮೀಟರ್ ಇರುವ ಅಲೆ ನೀರಿನೊಳಗೆ ಒಂಬತ್ತರಲ್ಲಿ ಒಂದು ಪಾಲಾಗಿ ನಾಲ್ಕು ಸೆಂಟಿಮೀಟರಿಗೂ ಕಡಿಮೆಗೆ ಕುಗ್ಗುತ್ತದೆ. ಗಾಳಿಗೆಂದು ಶ್ರುತಿ ಮಾಡಿದ ಆಂಟೆನಾ ನೀರಿನಲ್ಲಿ ಬೇರೆಯದೇ ವಾದ್ಯವಾಗುತ್ತದೆ. ಕೊನೆಗೆ ಎರಡು ಮೀಟರ್ ಕೇಬಲ್ ಎಳೆದು ಆಂಟೆನಾವನ್ನು ಕಾಂಪೌಂಡಿನ ಕಂಬಕ್ಕೆ ಕಟ್ಟಿದೆ. ಒಂದು ಡಿಬಿ ಹೋಯಿತು, ಹೋಗಲಿ.

ಅಜ್ಜಿಯೊಬ್ಬರ ಮನೆಯದು ಇದಕ್ಕಿಂತ ಚಿಕ್ಕ ಸಂಗತಿ. ಅದೇ 2018, ಬನಶಂಕರಿಯ ಕಡೆಯ ಹಳೇ ಅಪಾರ್ಟ್‌ಮೆಂಟು, ಎರಡನೇ ಮಹಡಿ. ಶಾಫ್ಟಿನ ಬಾಗಿಲು ದೇವರಮನೆಯ ಹಿಂದಿನ ಓಣಿಯಲ್ಲಿತ್ತು. ಕಾಲು ತೊಳೆದುಕೊಂಡು ಒಳಗೆ ಬರಲು ಹೇಳಿದರು, ಬಂದೆ. ಪೆಟ್ಟಿಗೆಗೆ ಒಳ್ಳೆಯ ಜಾಗ ಬೇಗ ಸಿಕ್ಕಿತು: −102, ಬಾಗಿಲು ಮುಚ್ಚಿ. ಮೊಳೆಗೆ ಗುರುತು ಹಾಕುವಾಗ ಅಜ್ಜಿ ಹಿಂದೆ ಬಂದು ನಿಂತರು.

“ಅದು ರಾತ್ರಿಯೆಲ್ಲ ಮಾತಾಡ್ತಾ ಇರುತ್ತಾ ಮಗೂ?”

“ಕಾಲು ಗಂಟೆಗೊಂದು ಸಲ ಅಜ್ಜಿ. ಕಣ್ಣು ಮಿಟುಕಿಸೋದ್ರೊಳಗೆ ಮುಗಿದುಹೋಗುತ್ತೆ.”

“ಈ ಗೋಡೆ ಆಚೆಗೆ ನನ್ನ ಮಂಚದ ತಲೆದೆಸೆ. ಎದೆಗೆ ಪೇಸ್‌ಮೇಕರ್ ಹಾಕಿದಾರೆ ನೋಡು, ಅದಕ್ಕೇ ಕೇಳಿದೆ.”

ನನಗೆ ಗೊತ್ತಿದ್ದುದನ್ನು ಹೇಳಿದೆ. ಪೇಸ್‌ಮೇಕರ್ ಇದ್ದವರು ಮೊಬೈಲನ್ನು ಎದೆಯಿಂದ 15 ಸೆಂಟಿಮೀಟರ್ ದೂರ ಇಟ್ಟುಕೊಂಡರೆ ಸಾಕು ಎನ್ನುತ್ತಾರೆ. ಇದರ ಬಲ 25 ಮಿಲಿವ್ಯಾಟು, ಮೊಬೈಲಿನ ಮುಂದೆ ಏನೂ ಅಲ್ಲ, ನಡುವೆ ಗೋಡೆ ಬೇರೆ ಇದೆ. ಅಜ್ಜಿ ತಲೆ ಅಲ್ಲಾಡಿಸಿದರು, ನಂಬಿದರು ಕೂಡ ಅನ್ನಿಸುತ್ತದೆ. “ಆಯ್ತು, ನಿನ್ನ ಕೆಲಸ ಮಾಡು” ಅಂದರು. ಆದರೆ ಆ ಗೋಡೆಯನ್ನು ಅಂಗೈಯಿಂದ ಒಂದು ಸಲ ಸವರಿದರು. ಅದನ್ನು ನೋಡಿದ ಮೇಲೆ ನನಗೆ ಅಲ್ಲಿ ಮೊಳೆ ಹೊಡೆಯಲು ಕೈ ಬರಲಿಲ್ಲ. ಎದುರುಗೋಡೆಗೆ ಹಾಕಿದೆ. ಅಲ್ಲಿ ನಾಲ್ಕು ಬೆರಳು ಆಚೆ ಈಚೆ ಎಷ್ಟು ಹುಡುಕಿದರೂ −106. ಪಾಸು. ಮುಚ್ಚಳದೊಳಗೆ ತಾರೀಖು ಬರೆದೆ, ‘−106, ಬಾಗಿಲು ಮುಚ್ಚಿ, ಅಜ್ಜಿಗಾಗಿ ಈ ಗೋಡೆ’ ಎಂದು ಬರೆದೆ. ಅಜ್ಜಿ ಕಾಫಿ ಕೊಟ್ಟರು, ಬಿಸಿಬಿಸಿ, ಸ್ಟೀಲ್ ಲೋಟದಲ್ಲಿ.

ಮೇಸ್ತ್ರಿ ಅದರ ಮುಂದಿನ ವರ್ಷ ಊರಿಗೆ ಹೋದರು. ಬೆಂಗಳೂರಿನ ಕೊಳಚೆ ನೀರನ್ನು ಶುದ್ಧಮಾಡಿ ಕೋರಮಂಗಲ–ಚಲ್ಲಘಟ್ಟ ಕಣಿವೆಯಿಂದ ಕೋಲಾರದ ಕೆರೆಗಳಿಗೆ ಹರಿಸುವ ಯೋಜನೆ 2018ರಲ್ಲಿ ಶುರುವಾಗಿತ್ತು, ಅವರ ಕಡೆಯ ಕೆರೆಗಳಿಗೆ ಮೊದಲು ನೀರು ಬಂದಿತ್ತು. “ನೀನು ಮೀಟರಲ್ಲಿ ಎಣಿಸಿ ಬಿಟ್ಟ ನೀರೇ ನಮ್ ಕಡೆಗೆ ಬರ್ತಾ ಐತೆ” ಎಂದು ಫೋನಿನಲ್ಲಿ ಹೇಳಿದ್ದರು. ಆ ನೀರಿನ ಗುಣದ ಬಗ್ಗೆ ಆಗ ದೊಡ್ಡ ಚರ್ಚೆಯಿತ್ತು, ಕೋರ್ಟಿಗೂ ಹೋಗಿತ್ತು. ಅವರ ದನಿಯಲ್ಲಿ ಮಾತ್ರ ಆ ದಿನ ಬರೀ ಸಂತೋಷವಿತ್ತು.

2024ರ ಮಾರ್ಚ್ ಬಂತು. ಬೋರ್‌ವೆಲ್ಲುಗಳು ಸಾಲಾಗಿ ಕೈಕೊಟ್ಟವು. ಕುಡಿಯುವ ನೀರಿನಲ್ಲಿ ಕಾರು ತೊಳೆದರೆ 5,000 ರೂಪಾಯಿ ದಂಡ ಎಂದು ಜಲಮಂಡಳಿ ಹೇಳಿತು, 12,000 ಲೀಟರಿನ ಟ್ಯಾಂಕರಿಗೆ ಐದು ಕಿಲೋಮೀಟರಿನೊಳಗೆ 1,000 ರೂಪಾಯಿ ಎಂದು ಜಿಲ್ಲಾಡಳಿತ ದರ ಕಟ್ಟಿತು. ದರ ಕಟ್ಟಿದರೂ ಟ್ಯಾಂಕರು ಬರಬೇಕಲ್ಲ. ಆ ತಿಂಗಳು ನಮ್ಮ ಫೋನುಗಳು ಮಲಗಲಿಲ್ಲ. ಮೊದಲು ತಿಂಗಳಿಗೊಮ್ಮೆ ಬಿಲ್ಲಿಗಾಗಿ ಮಾತ್ರ ಅಂಕಿ ನೋಡುತ್ತಿದ್ದವರು ಈಗ ಗಂಟೆಗೊಮ್ಮೆ ನೋಡುತ್ತಿದ್ದರು.

ನಾವು ಸೋತಿದ್ದ ಆ ನಾಲ್ಕು ಟವರಿನ ಅಪಾರ್ಟ್‌ಮೆಂಟಿನಲ್ಲೇ, ಬೀಗ ಹಾಕಿದ ಒಂದು ಮನೆ. ಯಜಮಾನರು ಪರದೇಶದಲ್ಲಿ. ಅವರ ಬಚ್ಚಲಿನ ಮೀಟರು ನಡುರಾತ್ರಿ ಮೂರು ಗಂಟೆಗೂ ಎಣಿಸುತ್ತಿತ್ತು. ಎರಡು ನಿಮಿಷಕ್ಕೆ ಒಂದು ಲೀಟರ್, ಒಂದೇ ಸಮ. ಫ್ಲಶ್ ಟ್ಯಾಂಕಿನ ವಾಷರು ಹೋಗಿದ್ದರೆ ಅಷ್ಟೇ ಸೋರುತ್ತದೆ, ಸದ್ದೂ ಇಲ್ಲ, ನೆಲಕ್ಕೆ ಹನಿಯೂ ಇಲ್ಲ. ದಿನಕ್ಕೆ 720 ಲೀಟರ್. ಹಂಡೆಯ ಹಿಂದೆ ಗಂಟಲು ಹರಿದುಕೊಂಡು ಸತ್ತಿದ್ದ ಪೆಟ್ಟಿಗೆ ಇದ್ದದ್ದು ಇದರ ಪಕ್ಕದ ಮನೆಯಲ್ಲೇ. ಮರುಜೋಡಣೆಯಲ್ಲಿ ಎರಡಕ್ಕೂ ಹೊಸ ಜಾಗ ಹುಡುಕಲು ಒಂದು ಇಡೀ ಮಧ್ಯಾಹ್ನ ಕಳೆದಿದ್ದೆ, ಆಗ ಸೂಪರ್‌ವೈಸರು ಇಷ್ಟು ಹೊತ್ತು ಯಾಕೆ ಎಂದು ರೇಗಿದ್ದರು. ಟೆರೇಸಿನ ವಾಲ್ವು ಮುಚ್ಚಿಸಿದೆವು. ಮೂರೂಕಾಲು ಗಂಟೆಯ ಸಂದೇಶದಲ್ಲಿ ಎಣಿಕೆ ನಿಂತಿತ್ತು. ಅಮ್ಮನಿಗೆ ಫೋನ್ ಮಾಡಿ ಹೇಳಬೇಕೆನಿಸಿತು, ಆ ಹೊತ್ತಿನಲ್ಲಿ ಹೆದರಿಕೊಳ್ಳುತ್ತಾಳೆ ಎಂದು ಬೆಳಗಾಗುವವರೆಗೆ ಕಾದೆ. 720 ಲೀಟರ್ ಅಂದರೆ ಎಷ್ಟು ಕೊಡ ಎಂದು ಕೇಳಿದಳು. ನಲವತ್ತೆಂಟು ಅಂದೆ. ಸ್ವಲ್ಪ ಹೊತ್ತು ಮಾತಾಡಲಿಲ್ಲ.

ಹೋದ ವರ್ಷ, 2025ರಲ್ಲಿ, ಬನಶಂಕರಿಯ ಆ ಹಳೇ ಅಪಾರ್ಟ್‌ಮೆಂಟಿನ ಬ್ಯಾಟರಿಗಳನ್ನೆಲ್ಲ ಒಟ್ಟಿಗೆ ಬದಲಿಸಲು ಹೋಗಿದ್ದೆವು. ಏಳು ವರ್ಷ ಬಂದಿದ್ದವು. ಎರಡನೇ ಮಹಡಿಯ ಮನೆಯಲ್ಲಿ ಅಜ್ಜಿಯ ಮೊಮ್ಮಗ ಬಾಗಿಲು ತೆರೆದ. ದೇವರಮನೆಯ ಪಕ್ಕದ ಗೋಡೆಯಲ್ಲಿ ಅಜ್ಜಿಯ ಫೋಟೊ, ಗಂಧದ ಹಾರ. ನಾನು ಕಾಲು ತೊಳೆದುಕೊಂಡು ಬಂದದ್ದನ್ನು ಕಂಡು ಆ ಹುಡುಗ, “ಪರವಾಗಿಲ್ಲ ಅಂಕಲ್, ಬನ್ನಿ” ಅಂದ.

ನನ್ನ ಜೊತೆ ಹೊಸ ಹುಡುಗನೊಬ್ಬನಿದ್ದ, ಚುರುಕು. ನಾನು ಮುಚ್ಚಳ ಬಿಚ್ಚುವಷ್ಟರಲ್ಲಿ ಅವನು ಅಜ್ಜಿ ಅಂದು ಸವರಿದ್ದ ಗೋಡೆಯ ಹತ್ತಿರ ಬದಲಿ ಪೆಟ್ಟಿಗೆ ಹಿಡಿದು ನೋಡಿ, “ಸಾರ್, ಈ ಕಡೆ ನಾಲ್ಕು ಡಿಬಿ ಜಾಸ್ತಿ ಬರ್ತಿದೆ. ಇಲ್ಲಿಗೆ ಹಾಕ್ಬಿಡೋಣ್ವಾ? ಆಗ ಯಾರೋ ಸರಿಯಾಗಿ ನೋಡಿಲ್ಲ” ಅಂದ.

ಮುಚ್ಚಳವನ್ನು ಅವನ ಕೈಗೆ ಕೊಟ್ಟೆ. ಬರಹ ಮಾಸಿತ್ತು, ಆದರೂ ಓದಲು ಬರುತ್ತಿತ್ತು. ಓದಿದ. ಓಣಿಯಿಂದ ಒಮ್ಮೆ ಫೋಟೊದ ಕಡೆ ನೋಡಿದ, ಏನೂ ಕೇಳಲಿಲ್ಲ.

ಹೊಸ ಬ್ಯಾಟರಿ ಕೂರಿಸಿದೆ. ಮ್ಯಾಗ್ನೆಟ್ ತೋರಿಸಿದೆ. ಹುಡುಗ ತಾನಾಗಿಯೇ ತಗಡಿನ ಬಾಗಿಲು ಹಾಕಿ, ಪಕ್ಕಕ್ಕೆ ಸರಿದು ನಿಂತು ಫೋನ್ ನೋಡಿದ.

“−107, ಸಾರ್.”

“ಸಾಕು. ಕೆಳಗೆ ಬರಿ. ತಾರೀಖು ಹಾಕು.”